ಖೈದಿಯ ಮನಸ್ಸಿಗೆ ಮೀಟರ್ ಇದೆಯಾ?

ಸೈಕೋಪಾತ್ ಅಂದ್ರೆ ನಮಗೆಲ್ಲ ನೆನಪಾಗೋದು ಸಿನಿಮಾದ ಸೀರಿಯಲ್ ಕಿಲ್ಲರ್. ಮನಃಶಾಸ್ತ್ರದಲ್ಲಿ ಅದು ಕೆಲವು ಗುಣಗಳ ಗುಂಪು: ಮರುಕ ಇಲ್ಲದಿರುವುದು, ತಪ್ಪು ಮಾಡಿಯೂ ಅಳುಕದಿರುವುದು, ಸಲೀಸಾಗಿ ಸುಳ್ಳು ಹೇಳುವುದು, ಹಿಂದೆಮುಂದೆ ನೋಡದೆ ನುಗ್ಗುವುದು. ಇವು ಯಾರಲ್ಲಿ ಎಷ್ಟಿವೆ ಅನ್ನೋದೇ ಪ್ರಶ್ನೆ.

ಜೈಲುಗಳಲ್ಲಿ ಇದನ್ನು ಅಳೆಯಲು ಹೆಸರಾದದ್ದು ಕೆನಡಾದ ರಾಬರ್ಟ್ ಹೇರ್ ರೂಪಿಸಿದ ಪಿಸಿಎಲ್-ಆರ್. 20 ಅಂಶಗಳು, ಒಂದೊಂದಕ್ಕೆ 0, 1 ಅಥವಾ 2, ಒಟ್ಟು 40. ತರಬೇತಿ ಪಡೆದವರು ಖೈದಿಯ ಜೊತೆ ಮಾತಾಡಿ, ಕೇಸ್ ಫೈಲ್ ಓದಿ ಅಂಕ ಕೊಡ್ತಾರೆ. ಇದಕ್ಕೆ ತುಂಬಾ ಹೊತ್ತು ಬೇಕು. ಅದಕ್ಕೆ ಹೋಲಿಸಿದ್ರೆ ಖೈದಿಯೇ ತುಂಬುವ ಪ್ರಶ್ನಾವಳಿ ಸುಲಭ, ಅಗ್ಗ. 1995ರ ಲೆವೆನ್ಸನ್ ಮಾಪಕದಲ್ಲಿ 26 ಹೇಳಿಕೆಗಳಿವೆ. ಎಷ್ಟು ಒಪ್ತೀರಿ ಅಂತ 1ರಿಂದ 4ರೊಳಗೆ ಗುರುತು ಹಾಕಬೇಕು. ತಮಾಷೆ ಅಂದ್ರೆ, ಅದನ್ನು ಮೊದಲು ಪರೀಕ್ಷಿಸಿದ್ದು ಖೈದಿಗಳ ಮೇಲಲ್ಲ, ನಮ್ಮಂಥ ಕಾಲೇಜು ವಿದ್ಯಾರ್ಥಿಗಳ ಮೇಲೆ!

ಆದರೆ ಸುಳ್ಳುಗಾರನನ್ನೇ 'ನೀನು ಸುಳ್ಳುಗಾರನಾ' ಅಂತ ಕೇಳೋದು, ಕೆಟ್ಟ ಸೆನ್ಸರ್‌ಗೆ ನಿನ್ನ ಕ್ಯಾಲಿಬ್ರೇಷನ್ ನೀನೇ ಮಾಡ್ಕೋ ಅಂದ ಹಾಗಲ್ವಾ? ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಉಲ್ಟಾ ಕಂಡಿದೆ: ಹೆಚ್ಚು ಅಂಕ ಬಂದವರು ತಮ್ಮನ್ನು ಒಳ್ಳೆಯವರೆಂದು ತೋರಿಸಿಕೊಳ್ಳೋದು ಕಡಿಮೆ. ನಮಗೆ ಇದರಲ್ಲೂ ಒಂದು ತೂತು ಕಾಣುತ್ತೆ. ಚೆನ್ನಾಗಿ ಮುಚ್ಚಿಟ್ಟವನಿಗೆ ಹೆಚ್ಚು ಅಂಕವೇ ಬರಲ್ಲ. ಅದೂ ಅಲ್ಲದೆ, ಹೆಸರಿಲ್ಲದೆ ಸಂಶೋಧಕರಿಗೆ ಉತ್ತರಿಸೋದು ಬೇರೆ, ಪೆರೋಲ್ ಕೊಡುವವರ ಕೈಗೆ ಹಾಳೆ ಹೋಗುತ್ತೆ ಅಂತ ಗೊತ್ತಿದ್ದು ಉತ್ತರಿಸೋದು ಬೇರೆ. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರಿಗೂ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಅಂದಿತು. ಪ್ರಶ್ನಾವಳಿಗೂ ಅದೇ ನ್ಯಾಯ ಇರಬೇಕು ಅನ್ನೋದು ನಮ್ಮ ಅಭಿಪ್ರಾಯ.

ಇನ್ನು ಭಾಷೆ. ಕಣ್ಣುಮುಚ್ಚಿ ಒಂದೇ ಕಡೆ ಟಿಕ್ ಹಾಕಿದರೆ ಗೊತ್ತಾಗಲಿ ಅಂತ ಇಂಥ ಮಾಪಕಗಳಲ್ಲಿ ಕೆಲವು ಹೇಳಿಕೆಗಳನ್ನು ತಿರುಗಿಸಿ ಬರೆದಿರ್ತಾರೆ. 'ನನ್ನಿಂದ ಇತರರಿಗೆ ನೋವಾದರೆ ನನಗೆ ಬೇಸರವಾಗದೆ ಇರುವುದಿಲ್ಲ' ಅಂತ ಒಂದು ಹೇಳಿಕೆ ಇದೆ ಅಂದುಕೊಳ್ಳಿ (ಇದು ನಾವೇ ಕಟ್ಟಿದ್ದು). ಕನ್ನಡ, ಮರಾಠಿ, ಉರ್ದು ಕಲೆತು ಮಾತಾಡುವ ನಮ್ಮ ಮಂಠಾಳದ ಕಡೆಯವನು ಇದನ್ನೇ 'ನಂಗ ಖರಾಬ್ ಅನ್ನಸ್ತದ' ಅಂತಾನೆ. ಆ ಎರಡು 'ಇಲ್ಲ'ಗಳ ನಡುವೆ ಗೊಂದಲವಾಗಿ 'ಒಪ್ಪುವುದಿಲ್ಲ'ಕ್ಕೆ ಟಿಕ್ ಬಿದ್ರೆ, ಅವನು ಮರುಕ ಇಲ್ಲದವನು ಅಂತ ಲೆಕ್ಕ.

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ 5,024 ಖೈದಿಗಳ ಮಾನಸಿಕ ಆರೋಗ್ಯ ಪರೀಕ್ಷಿಸಿದ್ದು ಎದುರು ಕೂತು ಕೇಳುವ ಸಂದರ್ಶನದಿಂದ. ವರದಿ ಬಂದದ್ದು 2011ರಲ್ಲಿ. ಅದು ಸೈಕೋಪಥಿಗಾಗಿಯೇ ಮಾಡಿದ ಅಧ್ಯಯನ ಅಲ್ಲ. ಆದರೆ ಎದುರಿಗೆ ಒಬ್ಬರು ಕೂತಿದ್ರೆ, ಪ್ರಶ್ನೆ ತಿಳಿಯದವನು 'ಏನಂದ್ರಿ ಸಾಹೇಬ್ರ?' ಅಂತ ತಿರುಗಿ ಕೇಳಬಹುದು.