ಗೆರೆ ನಿಲ್ಲುವ ಜಾಗ

ಜೋಗಿಮಟ್ಟಿಯ ಮೇಲೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಗೆರೆಗಳೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಹಬ್ಬಿದ ಈ ವನ್ಯಧಾಮದಲ್ಲಿ ಗುಡ್ಡದ ಹಿಂದೆ ಗುಡ್ಡ, ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು, ಒಣಹುಲ್ಲಿನ ನಡುವೆ ಹಾದ ಕಾಲುದಾರಿ. ಇದನ್ನು ಚಿತ್ರಿಸಲು ಕೂತಾಗಲೆಲ್ಲ ಹಾಳೆಯನ್ನು ಅಂಚಿನವರೆಗೂ ತುಂಬಿಬಿಡುತ್ತಿದ್ದೆ. ಆ ಚಟ ಬಿಡಿಸಿದವರು ಆಫ್ರಿಕಾದ ಹೆಂಗಸರು.

ಕಾಂಗೋ ದೇಶದ ಈಶಾನ್ಯಕ್ಕೆ ಇತುರಿ ಕಾಡು. ಅಲ್ಲಿನವರು ಎಂಬೂಟಿ ಜನ. ಗಂಡಸರು ಅತ್ತಿಯ ಜಾತಿಗೆ ಸೇರಿದ ಮರಗಳ ಒಳತೊಗಟೆ ಸುಲಿದು, ನೆನೆಸಿ, ಕೊಡತಿಯಲ್ಲಿ ಬಡಿದು ಬಡಿದು ಬಟ್ಟೆ ಮಾಡುತ್ತಾರೆ. ಚಿತ್ರ ಹೆಂಗಸರದು. ಗಾರ್ಡೀನಿಯಾ ಕಾಯಿಯ ರಸಕ್ಕೆ ಇದ್ದಿಲು ಕಲೆಸಿ, ಬೆರಳಲ್ಲೋ ಕಡ್ಡಿಯಲ್ಲೋ ಎಳೆಯುತ್ತಾರೆ. ಒಂದು ಮೂಲೆಯಲ್ಲಿ ಬಲೆಯಂತೆ ಹೆಣೆದುಕೊಂಡ ಗೆರೆ ನಡುವೆ ಸಡಿಲಾಗಿ, ಚುಕ್ಕಿಯಾಗಿ, ಥಟ್ಟನೆ ನಿಂತೇ ಹೋಗುತ್ತದೆ. ಅದರಾಚೆ ಅಂಗೈಯಗಲ ಬರಿಯ ಬಟ್ಟೆ.

ಆ ಜಾಗ ಬೇಕೆಂದೇ ಬಿಟ್ಟದ್ದು ಎಂದು ನನಗೆ ಹೊಳೆದದ್ದು ಅವರ ಹಾಡು ಕೇಳಿದ ಮೇಲೆ. ಒಬ್ಬೊಬ್ಬರದೂ ಒಂದೊಂದು ದನಿ. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ. 1983ರಲ್ಲಿ ಈ ಬಟ್ಟೆಗಳ ಬಗ್ಗೆ ಬರೆದ ಕಲಾ ಇತಿಹಾಸಕಾರ ರಾಬರ್ಟ್ ಫ್ಯಾರಿಸ್ ಥಾಂಪ್ಸನ್ ಹಾಡಿಗೂ ಗೆರೆಗೂ ಇರುವ ಈ ನಂಟನ್ನು ಗುರುತಿಸಿದ್ದರು.

ನಮ್ಮಲ್ಲಿ ಎಂಬೂಟಿ ಹೆಂಗಸರಿಗೆ ಹತ್ತಿರದವರೆಂದರೆ ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಪುಂಡಿನಾರಿನ ಕುಂಚ. ಆದರೆ ಅವರು ಗೋಡೆಗೆ ಬರೆಯುವ ಹಸೆ ಚಿತ್ತಾರದ ಗೆರೆ ಲೆಕ್ಕ ತಪ್ಪುವುದಿಲ್ಲ. ಎಂಬೂಟಿಯ ಗೆರೆ ಲೆಕ್ಕ ಮುರಿದೇ ಮುಂದೆ ಹೋಗುತ್ತದೆ. ಇಂದಿನ ಕಲಾವಿದ ಎಂಬೂಟಿಯವರಿಂದ ಪಡೆಯಬೇಕಾದ್ದು ಈ ಕೈನಡೆ. ಒಂದು ಆಕಾರ ಎತ್ತಿ ಕ್ಯಾನ್ವಾಸಿಗೆ ಅಂಟಿಸಿದರೆ ಅದನ್ನು ಪ್ರಭಾವ ಎನ್ನಲು ನನಗೆ ಮನಸ್ಸು ಬಾರದು.

ಆಕಾರಕ್ಕಿಂತ ನಡೆಯನ್ನು ಹುಡುಕಿದವರು ನಮ್ಮಲ್ಲೂ ಇದ್ದರು. ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ಮೈಗೂಡಲೆಂದು ಕಥಕ್ ಕಲಿತರು. ಅವರ ಗೆರೆಗಳನ್ನು ಹಾಡುವ ರೇಖೆಗಳೆಂದೇ ಜನ ಕರೆದರು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿಯವರು ಜಲವರ್ಣದಲ್ಲಿ ನಿಸರ್ಗ ಬರೆಯುತ್ತಲೇ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ವರ್ಷಗಟ್ಟಲೆ ದುಡಿದರು. ಜನರ ಕೈಯಲ್ಲಿ ಸವೆದ ವಸ್ತುಗಳ ನಡುವೆ ಅಷ್ಟು ಕಾಲ ಕಳೆದ ಚಿತ್ರಕಾರ ಇದೇ ಸೀಮೆಯವರು ಎಂಬುದು ನನಗೆ ಹೆಮ್ಮೆ.

ಮೊನ್ನೆ ಜೋಗಿಮಟ್ಟಿಯಲ್ಲಿ ಮತ್ತೆ ಹಾಳೆ ಬಿಚ್ಚಿದೆ. ಮಂಜು ಎದುರಿನ ಗುಡ್ಡವನ್ನು ಅರ್ಧಕ್ಕೆ ನುಂಗಿತ್ತು. ಗೆರೆಯನ್ನು ಅಲ್ಲಿಗೇ ಬಿಟ್ಟೆ.