ತ್ಯಾಗಕಥನದ ಎರಡು ನೆಲೆಗಳು: ಈಜಿಪ್ಟಿನ ಅಂತೋಣಿ ಮತ್ತು ಉಡುತಡಿಯ ಮಹಾದೇವಿ

ಭದ್ರಾವತಿ, ಶಿವಮೊಗ್ಗ ಪರಿಸರದ ಕ್ರೈಸ್ತ ಕುಟುಂಬಗಳಲ್ಲಿ ಅಂತೋಣಿ ಎಂಬ ಹೆಸರು ಅಪರೂಪವಲ್ಲ. ಆದರೆ ಈ ಹೆಸರಿನ ಹಿಂದೆ ಇಬ್ಬರು ಪ್ರಸಿದ್ಧ ಸಂತರಿದ್ದಾರೆ. ಬಾಲಯೇಸುವನ್ನು ಎತ್ತಿಕೊಂಡ ರೂಪದಲ್ಲಿ ಕಾಣುವ, ಕಳೆದುಹೋದುದನ್ನು ದೊರಕಿಸಿಕೊಡುವನೆಂದು ಭಕ್ತರು ನಂಬುವ ಸಂತ 1231ರಲ್ಲಿ ತೀರಿಕೊಂಡ ಪಾದುವಾದ ಅಂತೋಣಿ. ಮೈಸೂರು ಜಿಲ್ಲೆಯ ಡೋರನಹಳ್ಳಿಯ ಪ್ರಸಿದ್ಧ ಕ್ಷೇತ್ರವೂ ಈತನದೇ. ಇವನಿಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನವನು ಈಜಿಪ್ಟಿನ ಮರುಭೂಮಿವಾಸಿ ಅಂತೋಣಿ. ಈ ಎರಡನೆಯವನ ತ್ಯಾಗದ ಕಥೆಯನ್ನು ವಿವರಿಸಿ, ಶಿವಮೊಗ್ಗ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿಯ ಕಥನದೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಂತೋಣಿಯ ಚರಿತೆಯನ್ನು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್, ಸಂತನು 356ರಲ್ಲಿ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದನು. ಅದರ ಪ್ರಕಾರ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಅಂತೋಣಿಗೆ ಮನೆ, ಆಸ್ತಿ, ಚಿಕ್ಕ ತಂಗಿ ಇವಿಷ್ಟರ ಹೊಣೆ ಬಿದ್ದಿತು. ಪರಿಪೂರ್ಣನಾಗಬಯಸುವವನು ಇದ್ದುದನ್ನು ಮಾರಿ ಬಡವರಿಗೆ ಕೊಡಬೇಕೆಂಬ ಸುವಾರ್ತೆಯ ಬೋಧೆಯನ್ನು ದೇವಾಲಯದಲ್ಲಿ ಕೇಳಿದ ಅವನು ಅದು ತನಗೇ ಹೇಳಿದ ಮಾತೆಂದು ತಿಳಿದನು. ಮುನ್ನೂರು ಅರೂರ, ಅಂದರೆ ಸುಮಾರು 200 ಎಕರೆ ಫಲವತ್ತಾದ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟನು. ಚರಾಸ್ತಿಯನ್ನು ಮಾರಿ ಬಡವರಿಗೆ ಹಂಚಿ, ತಂಗಿಗಾಗಿ ಸ್ವಲ್ಪ ಉಳಿಸಿದನು. ನಾಳಿನ ಚಿಂತೆ ಬೇಡವೆಂಬ ಮಾತು ಕಿವಿಗೆ ಬಿದ್ದಾಗ ಅದನ್ನೂ ದಾನ ಮಾಡಿ, ತಂಗಿಯನ್ನು ವ್ರತಸ್ಥ ಕನ್ಯೆಯರ ಆಶ್ರಯಕ್ಕೆ ಒಪ್ಪಿಸಿದನು.

ಇಲ್ಲಿ ತ್ಯಾಗವು ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದು ಗಮನಾರ್ಹ. ಭೂಮಿ, ಚರಾಸ್ತಿ, ಕೊನೆಗೆ ತಂಗಿಯ ಪಾಲು ಎಂಬ ಮೂರು ಹಂತಗಳಲ್ಲಿ ಅದು ನಡೆಯುತ್ತದೆ. ಬಳಿಕ ಮರುಭೂಮಿಯ ದಾರಿಯಲ್ಲಿ ಬೆಳ್ಳಿಯ ತಟ್ಟೆ, ಆಮೇಲೆ ಚಿನ್ನ ಅವನಿಗೆ ಕಾಣಿಸುತ್ತವೆ. ಬಿಟ್ಟುಬಂದ ಸಂಪತ್ತೇ ಪರೀಕ್ಷೆಯಾಗಿ ಮರಳಿ ಎದುರಾಗುವ ಇಂಥ ಆಶಯ ಜನಪದ ಕಥೆಗಳ ಅಭ್ಯಾಸಿಗಳಿಗೆ ಹೊಸದಲ್ಲ.

ಹನ್ನೆರಡನೆಯ ಶತಮಾನದ ಮಹಾದೇವಿಯೂ ಅರಮನೆಯ ವೈಭವವನ್ನು ತೊರೆದವಳು. ಹರಿಹರನ ರಗಳೆಯಲ್ಲಿ ಅವಳು ತನ್ನ ಶಿವಪೂಜೆಗೆ ಅಡ್ಡಿಯಾಗಬಾರದೆಂಬ ಷರತ್ತಿನೊಡನೆ ಕೌಶಿಕನನ್ನು ವಿವಾಹವಾಗುತ್ತಾಳೆ. ಅವನು ಮೂರು ಸಲ ತಪ್ಪಿದಾಗ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಡುತ್ತಾಳೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ವಿವಾಹವೇ ನೆರವೇರುವುದಿಲ್ಲ. ಅಂತೋಣಿಯ ನಿರ್ಗಮನಕ್ಕೆ ಆಸ್ತಿಯ ವಿಲೇವಾರಿ ಸಾಕಾಯಿತು; ಹೆಣ್ಣೊಬ್ಬಳ ನಿರ್ಗಮನಕ್ಕೆ ಮಾತ್ರ ಕಾರಣ, ಷರತ್ತು, ಗಂಡಿನ ತಪ್ಪು ಎಲ್ಲವನ್ನೂ ಕಥನ ಒದಗಿಸಬೇಕಾಯಿತು. ವಿವಾಹದ ಬಗೆಗಿನ ಪಾಠಭೇದವನ್ನು ಕೇವಲ ಚಾರಿತ್ರಿಕ ಸತ್ಯಾಸತ್ಯತೆಯ ಪ್ರಶ್ನೆಯಾಗಿ ನೋಡಿದರೆ ಈ ಒತ್ತಡ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಅಂತೋಣಿಯ ತಂಗಿಗೆ ಅಥನಾಸಿಯಸನ ಕೃತಿಯಲ್ಲಿ ಹೆಸರಿಲ್ಲ. ಬಹುಕಾಲದ ನಂತರ, ಮುದುಕಿಯಾಗಿ ಇತರ ಕನ್ಯೆಯರಿಗೆ ಮಾರ್ಗದರ್ಶಿಯಾಗಿದ್ದ ಅವಳನ್ನು ಕಂಡು ಅಣ್ಣನು ಸಂತೋಷಪಟ್ಟನೆಂದು ಕೃತಿ ಒಂದೆಡೆ ಹೇಳುತ್ತದೆ. ಅಣ್ಣನಂತೆಯೇ ಅವಳೂ ಆ ಆಸ್ತಿಯಿಲ್ಲದೆ ಬದುಕಿದವಳು. ಆದರೆ ಆ ತ್ಯಾಗ ಅವಳ ಆಯ್ಕೆಯಾಗಿತ್ತೇ ಎಂದು ಚರಿತೆ ಕೇಳುವುದಿಲ್ಲ. ಮಹಾದೇವಿಯಾದರೋ ಚರಿತೆಕಾರರು ಬರುವ ಮೊದಲೇ ‘ಚೆನ್ನಮಲ್ಲಿಕಾರ್ಜುನ’ ಅಂಕಿತದ ವಚನಗಳಲ್ಲಿ ತಾನೇ ಮಾತನಾಡಿದವಳು. ಆದುದರಿಂದ ಹರಿಹರ, ಚಾಮರಸರ ನಿರೂಪಣೆಗಳನ್ನು ಅವಳ ಮಾತಿನೊಡನೆ ಒರೆಹಚ್ಚುವುದು ನಮಗೆ ಸಾಧ್ಯವಾಗಿದೆ. ಅಂತೋಣಿಯ ತಂಗಿಯ ವಿಷಯದಲ್ಲಿ ಅಂಥ ಒರೆಗಲ್ಲು ಇಲ್ಲ.

ಅಂತೋಣಿಯ ಚರಿತೆ ಬಹುಬೇಗ ಲ್ಯಾಟಿನ್‌ಗೆ ಅನುವಾದಗೊಂಡು ಕ್ರೈಸ್ತ ಸಂನ್ಯಾಸದ ಮಾದರಿಯಾಯಿತು. ಅದರ ಪ್ರಭಾವವನ್ನು ಸಂತ ಅಗಸ್ಟೀನನು ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ. ಇಷ್ಟು ದೂರ ಪ್ರಯಾಣ ಮಾಡಿದ ಕಥನದಲ್ಲಿಯೂ ತಂಗಿ ಹೆಸರಿಲ್ಲದವಳಾಗಿಯೇ ಉಳಿದಳು. ತ್ಯಾಗದ ಕಥೆಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಬಿಟ್ಟುಹೋದವರ ಹಿರಿಮೆಯನ್ನು ದಾಖಲಿಸುವುದರೊಂದಿಗೆ, ಹಿಂದೆ ಉಳಿದವರು ಯಾರು, ಅವರ ಮಾತನ್ನು ಯಾರು ಹೇಳಿದರು ಎಂಬುದನ್ನೂ ನಿರೂಪಕರಲ್ಲಿ ಕೇಳುವುದು ಅಗತ್ಯ. ಆಗ ಸಂತಚರಿತೆಯು ಭಕ್ತಿಯ ದಾಖಲೆಯಾಗಿರುವಂತೆಯೇ ಕುಟುಂಬದ ದಾಖಲೆಯಾಗಿಯೂ ತೆರೆದುಕೊಳ್ಳುತ್ತದೆ.