ಮೀಸಲಿಟ್ಟ ಒಂದು ಸಂಜೆ

ಎರಡು ಗಂಟೆಯೂ ಹಿಡಿಯದ ಒಂದು ಪ್ರದರ್ಶನಕ್ಕಾಗಿ ಮೂರು ದಿನ ಸಿದ್ಧತೆ ಮಾಡಿಕೊಂಡೆ ಎಂದರೆ ನನ್ನನ್ನು ಬಲ್ಲವರು ನಂಬಲಾರರು. ಬೆಂಗಳೂರಿನಲ್ಲಿ ನಾಟಕಕ್ಕೆ ಹೋಗುವಾಗ, ಎರಡನೆಯ ಗಂಟೆ ಬಾರಿಸಿದ ಮೇಲೆ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲು ಹತ್ತುವುದು ನನ್ನ ರೂಢಿ. ಆದರೆ ಭಾಷೆಯೂ ಲಿಪಿಯೂ ತಿಳಿಯದ ಪರದೇಶ ಎಂಥವನಿಗೂ ಶಿಸ್ತು ಕಲಿಸುತ್ತದೆ.

2018ರ ಅಕ್ಟೋಬರ್‌ನಲ್ಲಿ, ದಸರೆ ಮುಗಿಸಿಕೊಂಡು, ನಾನೂ ನನ್ನ ಹೆಂಡತಿಯೂ ಶಾಂಘೈಗೆ ಹೋಗಿದ್ದೆವು. ಮಗಳು ಅಲ್ಲಿ ಉದ್ಯೋಗದಲ್ಲಿದ್ದಳು. ಒಂಬತ್ತು ವರ್ಷದ ಮೊಮ್ಮಗಳು ಅಲ್ಲಿಯೇ ಶಾಲೆಗೆ ಹೋಗುತ್ತಿದ್ದಳು. ‘ಅಪ್ಪ, ಇಲ್ಲಿಗೆ ಬಂದವರು ಅಂಗಸಾಧಕರ ಆಟ ನೋಡದೆ ಹೋಗಬಾರದು. ಶುಕ್ರವಾರ ಇವಳನ್ನೂ ಕರೆದುಕೊಂಡು ಹೋಗಿಬನ್ನಿ. ಏರ್ಪಾಡೆಲ್ಲ ನಿಮ್ಮದೇ’ ಎಂದು ಮಗಳು ಹೊಣೆಯನ್ನು ನನ್ನ ಹೆಗಲಿಗೇರಿಸಿದಳು.

ಎಲ್ಲಿಗೆ ಹೋಗಬೇಕೆಂಬುದರಲ್ಲಿ ಗೊಂದಲವಿರಲಿಲ್ಲ. ನಗರದ ಉತ್ತರಕ್ಕೆ 1999ರಲ್ಲಿ ತೆರೆದ ಶಾಂಘೈ ಸರ್ಕಸ್ ವರ್ಲ್ಡ್ ಎಂಬ ರಂಗಮಂದಿರವಿದೆ. ಅಲ್ಲಿ 2005ರಿಂದ ‘ಇರಾ’ ಎಂಬ ಹೆಸರಿನ ಪ್ರದರ್ಶನ ನಡೆಯುತ್ತಿತ್ತು. ಏಳೂವರೆಗೆ ಆಟ. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ನಮ್ಮ ಹೊಟ್ಟೆಯ ಲೆಕ್ಕದಲ್ಲಿ ಅದು ಸಂಜೆ ಐದು ಗಂಟೆಯ ಕಾಫಿಯ ಹೊತ್ತು. ಪ್ರವಾಸದ ದಳ್ಳಾಳಿಯೊಬ್ಬ ಕಾರು, ಊಟ, ಟಿಕೆಟ್ ಎಲ್ಲ ಸೇರಿಸಿ ಹೇಳಿದ ಬೆಲೆ ಕೇಳಿ, ಮೆಟ್ರೊ ನಕ್ಷೆಯನ್ನು ಬಿಡಿಸಿಕೊಂಡು ಕುಳಿತೆ. ಪುಡೊಂಗ್‌ನಿಂದ ಎರಡನೆಯ ಮಾರ್ಗದಲ್ಲಿ ಪೀಪಲ್ಸ್ ಸ್ಕ್ವೇರ್. ಅಲ್ಲಿ ರೈಲು ಬದಲಿಸಿ ಒಂದನೆಯ ಮಾರ್ಗದಲ್ಲಿ ಉತ್ತರಕ್ಕೆ ಹೋದರೆ ಆರನೆಯ ನಿಲ್ದಾಣ. ನಿಲ್ದಾಣಕ್ಕೂ ರಂಗಮಂದಿರದ್ದೇ ಹೆಸರು. ಪಕ್ಕದ ಮನೆಯವರಿಂದ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಸಿಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ತಲಾ 280 ಯುವಾನ್ ಕೊಟ್ಟು ಮೂರು ಟಿಕೆಟ್ ತರಿಸಿದ್ದಾಯಿತು. ನಮ್ಮ ದುಡ್ಡಿನಲ್ಲಿ ಒಬ್ಬರಿಗೆ ಮೂರು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಹೊರಡುವ ಮೊದಲು ಚಿತ್ರಾನ್ನ, ಮೊಸರನ್ನ ಎಂದೂ ನಿಶ್ಚಯವಾಯಿತು.

ಇಷ್ಟೆಲ್ಲ ಆದ ಮೇಲೆ ಗುರುವಾರ ರಾತ್ರಿ ನನ್ನ ಹೆಂಡತಿ ಹೇಳಿದಳು: ‘ರೀ, ನಾನು ಬರುವುದಿಲ್ಲ. ಎಳೆಯ ಮಕ್ಕಳ ಮೈಯನ್ನು ಬಗ್ಗಿಸಿ, ತಿರುಚಿ ಆಡಿಸುವುದನ್ನು ದುಡ್ಡು ಕೊಟ್ಟು ನೋಡಬೇಕೆ? ಅದನ್ನು ಈ ಮಗುವಿಗೂ ತೋರಿಸಬೇಕೆ?’

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ನನಗೆ ಹೊಸದಾಗಿಯೂ ಇರಲಿಲ್ಲ.

ತುಮಕೂರು ಜಿಲ್ಲೆಯ ನಮ್ಮ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ದೊಂಬರು ಬರುತ್ತಿದ್ದರು. ಊರಮುಂದಿನ ಬಯಲಿನಲ್ಲಿ ಕತ್ತರಿಯಾಕಾರಕ್ಕೆ ಗಳ ನೆಟ್ಟು ಹಗ್ಗ ಬಿಗಿಯುತ್ತಿದ್ದರು. ಒಂದು ವರ್ಷ ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ತಲೆಯ ಮೇಲೆ ಚೊಂಬುಗಳನ್ನು ಪೇರಿಸಿಕೊಂಡು ಆ ಹಗ್ಗದ ಮೇಲೆ ನಡೆದಳು. ಕೆಳಗೆ ಡೋಲು ಬಾರಿಸುತ್ತಿದ್ದ ಅವಳ ತಂದೆ ಒಮ್ಮೆಯೂ ಜನರತ್ತ ನೋಡಲಿಲ್ಲ. ಅವನ ಕಣ್ಣು ಮಗಳ ಪಾದದಲ್ಲಿತ್ತು. ಅವಳು ನಡೆದಂತೆಲ್ಲ ಅವನೂ ನೆಲದ ಮೇಲೆ ಹೆಜ್ಜೆಗೆ ಹೆಜ್ಜೆ ಸರಿಯುತ್ತಿದ್ದ. ಆಟ ಮುಗಿದಾಗ ತಟ್ಟೆ ಬಂತು. ತಟ್ಟೆ ಬರುವುದಕ್ಕೆ ಮೊದಲೇ ಅರ್ಧ ಜನ ಜಾಗ ಖಾಲಿ ಮಾಡಿದ್ದರು. ಮರುದಿನ ಅದೇ ಹುಡುಗಿ ನಮ್ಮ ಶಾಲೆಯ ಕಿಟಕಿಯ ಸರಳು ಹಿಡಿದು, ನಾವು ಮಗ್ಗಿ ಒಪ್ಪಿಸುವುದನ್ನು ನೋಡುತ್ತ ನಿಂತಿದ್ದಳು. ಗದ್ದಲ ಮಾಡುತ್ತಿದ್ದ ನಮ್ಮನ್ನು ಗದರಿಸಲು ಮೇಷ್ಟರು ಆಗಾಗ ಬಳಸುತ್ತಿದ್ದ ಮಾತು: ‘ಏನ್ರೋ ಇದು, ದೊಂಬರಾಟ?’ ಅಂದೂ ಆ ಮಾತು ಬಂತು. ಹುಡುಗಿ ಕಿಟಕಿಯಿಂದ ಸರಿದುಹೋದಳು. ನಾವೆಲ್ಲ ನಕ್ಕೆವು.

ಈ ನೆನಪು ನನ್ನನ್ನು ಆ ರಾತ್ರಿ ಮಲಗಗೊಡಲಿಲ್ಲ. ಚೀನೀ ಅಂಗಸಾಧನೆಯ ವಿಚಾರವಾಗಿ ನಾನು ಹೊಂದಿಸಿಟ್ಟುಕೊಂಡಿದ್ದ ಬರಹಗಳನ್ನು ಮತ್ತೆ ತೆರೆದೆ. ಕ್ರಿಸ್ತಶಕ 132ರಲ್ಲಿ ಭೂಕಂಪ ಸೂಚಕ ಯಂತ್ರವನ್ನು ನಿರ್ಮಿಸಿದವನೆಂದು ಖ್ಯಾತನಾದ ಝಾಂಗ್ ಹೆಂಗ್ ಕವಿಯೂ ಹೌದು. ಹಾನ್ ಅರಸರ ಪಶ್ಚಿಮದ ರಾಜಧಾನಿಯನ್ನು ವರ್ಣಿಸುವ ಅವನ ಕಾವ್ಯದಲ್ಲಿ ಚೆಂಡು, ಕತ್ತಿಗಳನ್ನು ಎಸೆದು ಹಿಡಿಯುವವರು, ಕಿರಿದಾದ ಬಳೆಯೊಳಗೆ ನುಗ್ಗುವವರು, ಹಗ್ಗದ ಎರಡು ತುದಿಗಳಿಂದ ನಡೆದುಬಂದು ನಡುವೆ ಎದುರಾಗುವವರು ಎಲ್ಲರೂ ಇದ್ದಾರೆ. ಆದರೆ ಅರಮನೆಯ ಆದರ ಶಾಶ್ವತವಾಗಿ ಉಳಿಯಲಿಲ್ಲ. ಹೆಬೇಯ್ ಪ್ರಾಂತದ ಉಚಿಯಾವೊ ಎಂಬ ಸೀಮೆ ಅಂಗಸಾಧಕರ ತವರು. ಬೆಳೆ ಕೈಕೊಟ್ಟಾಗ ಅಲ್ಲಿನ ರೈತರು ಗಡಿಗೆ, ತಟ್ಟೆ, ಕುರ್ಚಿ, ಬಿದಿರು ಎಂದು ಮನೆಯಲ್ಲಿದ್ದುದನ್ನೇ ಆಟದ ಸಾಮಾನಾಗಿಸಿಕೊಂಡು ಊರೂರು ಅಲೆದರು. ಅವರೂ ಬೀದಿಯ ಜನವೇ. ಅವರ ಮುಂದೆಯೂ ತಟ್ಟೆಯಿತ್ತು.

ವ್ಯತ್ಯಾಸ ಆರಂಭವಾದದ್ದು 1950ರಲ್ಲಿ. ಪ್ರಧಾನಿ ಚೌ ಎನ್‌ಲಾಯ್ ಅವರ ಆಸಕ್ತಿಯಿಂದ ಬೀದಿಯ ಆಟಗಾರರನ್ನು ಒಟ್ಟುಗೂಡಿಸಿ ರಾಷ್ಟ್ರೀಯ ತಂಡವೊಂದನ್ನು ಕಟ್ಟಲಾಯಿತು. ಮರುವರ್ಷ ಶಾಂಘೈಗೂ ತನ್ನದೇ ತಂಡ ಬಂತು. ತಂಡಗಳ ಹಿಂದೆ ತರಬೇತಿ ಶಾಲೆಗಳು ಬಂದವು. 1987ರಲ್ಲಿ ಉಚಿಯಾವೊ ಹೆಸರಿನ ಅಂತರರಾಷ್ಟ್ರೀಯ ಉತ್ಸವ ಆರಂಭವಾಯಿತು. 2006ರಲ್ಲಿ ಆ ಸೀಮೆಯ ವಿದ್ಯೆ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಹಾಗಾದರೆ ಮಕ್ಕಳ ಮಾತೇನು? ಈ ವಿದ್ಯೆಗೆ ಎಳೆಯ ಮೈಯೇ ಬೇಕು. ಮೂಳೆ ಬಲಿತ ಮೇಲೆ ಬರುವ ವಿದ್ಯೆ ಇದಲ್ಲ. ಚೀನಾ 2002ರಲ್ಲಿ ತಂದ ಬಾಲಕಾರ್ಮಿಕ ನಿಷೇಧದ ನಿಯಮಗಳು ಹದಿನಾರು ವರ್ಷದೊಳಗಿನವರ ದುಡಿಮೆಯನ್ನು ತಡೆಯುತ್ತವೆ. ಆದರೆ ಕಲೆ ಮತ್ತು ಕ್ರೀಡೆಯ ಸಂಸ್ಥೆಗಳಿಗೆ ಅಲ್ಲಿ ವಿನಾಯಿತಿಯಿದೆ. ಪೋಷಕರ ಒಪ್ಪಿಗೆ ಬೇಕು, ಕಡ್ಡಾಯ ಶಿಕ್ಷಣ ತಪ್ಪಬಾರದು ಎಂಬ ಷರತ್ತಿದೆ. ಕಾಗದದ ಮೇಲಿನ ಷರತ್ತು ನೆಲದ ಮೇಲೆ ಎಷ್ಟು ಪಾಲನೆಯಾಗುತ್ತದೆ ಎಂಬುದನ್ನು ಪ್ರವಾಸಿಯೊಬ್ಬ ಅಳೆಯಲಾರ. ಮನೆ ಬಿಟ್ಟು ವಸತಿ ಶಾಲೆಯಲ್ಲಿ ಬೆಳೆಯುವ ಮಗುವಿನ ನೋವನ್ನು ಯಾವ ಪದಕವೂ ತೂಗಲಾರದು. ಆದರೂ ಒಂದು ಮಾತು ಸ್ಪಷ್ಟವಾಗಿತ್ತು. ಆ ಮಗುವಿಗೆ ಕಿಟಕಿಯ ಹೊರಗೆ ನಿಲ್ಲಬೇಡ, ಒಳಗೆ ಬಾ ಎಂದು ಹೇಳುವ ಒಂದು ಕಾನೂನಾದರೂ ಅಲ್ಲಿತ್ತು.

ಬೆಳಗಿನ ಕಾಫಿಯ ಹೊತ್ತಿಗೆ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ‘ಬರುತ್ತೇನೆ. ನೋಡಲಾಗದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆಗ ನೀವು ನನ್ನನ್ನು ಗೇಲಿ ಮಾಡಬಾರದು’ ಎಂದಳು.

ಬಂಗಾರದ ಬಣ್ಣದ ಆ ಗುಮ್ಮಟದೊಳಗೆ ನಮ್ಮ ಕುರ್ಚಿ ಹುಡುಕಿ ಕುಳಿತಾಗ ಏಳು ಗಂಟೆ. ಸುತ್ತ ನಾನಾ ದೇಶಗಳ ಜನ. ಎಲ್ಲರ ಕೈಯಲ್ಲೂ ಟಿಕೆಟ್ಟು. ಎಲ್ಲರೂ ನಮ್ಮಂತೆಯೇ ಎಲ್ಲೋ ರೈಲು ಬದಲಿಸಿ, ಊಟದ ಹೊತ್ತನ್ನು ಹಿಂದುಮುಂದು ಮಾಡಿಕೊಂಡು ಬಂದವರು. ದೀಪವಾರಿತು. ದೊಡ್ಡ ಪಿಂಗಾಣಿಯ ಜಾಡಿಯೊಂದು ಮೇಲಕ್ಕೆ ಹಾರಿ, ಮಗುವನ್ನು ಇಳಿಸಿದಷ್ಟು ಮೆತ್ತಗೆ ಮನುಷ್ಯನ ನೆತ್ತಿಯ ಮೇಲೆ ಬಂದು ಕುಳಿತಿತು. ಹುಡುಗರು ಬಳೆಗಳೊಳಗೆ ಮೀನಿನಂತೆ ನುಸುಳಿದರು. ಕೊನೆಯಲ್ಲಿ ಉಕ್ಕಿನ ಜಾಲರಿಯ ಗೋಳದೊಳಗೆ ಒಂದಾದಮೇಲೊಂದರಂತೆ ಎಂಟು ಮೋಟಾರ್ ಬೈಕುಗಳು ನುಗ್ಗಿ, ಮೇಲೆ ಕೆಳಗೆ ಸುತ್ತುತ್ತ ಕಿವಿ ಕಿವುಡಾಗುವಂತೆ ಮೊರೆದವು. ನಮ್ಮ ಜಾತ್ರೆಗಳ ಸಾವಿನ ಬಾವಿಯಲ್ಲಿ ಒಂದೆರಡು ಬೈಕು ಕಂಡು ಬೆರಗಾಗಿದ್ದ ನಾನು ಉಸಿರು ಬಿಗಿಹಿಡಿದು ಕುಳಿತೆ.

ನನ್ನ ಹೆಂಡತಿ ಕಣ್ಣು ಮುಚ್ಚಲಿಲ್ಲ. ಅವಳು ನೋಡುತ್ತಿದ್ದುದು ಮೇಲಿನವರನ್ನಲ್ಲ. ಮನುಷ್ಯರ ಮೇಲೆ ಮನುಷ್ಯರು ನಿಂತು ಗೋಪುರವಾದಾಗ ನನ್ನ ತೋಳು ಹಿಡಿದು, ‘ಕೆಳಗೆ ನೋಡಿ’ ಎಂದಳು. ಬೆಳಕಿನ ಅಂಚಿನಲ್ಲಿ ಕಪ್ಪು ಬಟ್ಟೆ ತೊಟ್ಟ ಒಬ್ಬಾತ ಎರಡೂ ಕೈಗಳನ್ನು ಅರ್ಧ ಎತ್ತಿ, ಮೇಲಿನವಳು ವಾಲಿದ ಕಡೆಗೆ ತಾನೂ ಒಂದೊಂದು ಹೆಜ್ಜೆ ಸರಿಯುತ್ತಿದ್ದ. ಚಪ್ಪಾಳೆ ಅವನಿಗಲ್ಲ. ಅವನು ಪ್ರೇಕ್ಷಕರತ್ತ ತಿರುಗಲೂ ಇಲ್ಲ. ನಮ್ಮೂರಿನ ಬಯಲು ಒಂದು ಕ್ಷಣ ನನ್ನ ಕಣ್ಣ ಮುಂದೆ ಬಂತು. ಅದೇ ಕಣ್ಣು, ಅದೇ ಹೆಜ್ಜೆ. ಡೋಲು ಮಾತ್ರ ಇರಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ ಮೊಮ್ಮಗಳು ಕೇಳಿದಳು: ‘ತಾತ, ನಮ್ಮ ದೇಶದಲ್ಲಿ ಇಂಥವರು ಇಲ್ಲವಾ?’

ಇದ್ದಾರೆ ಎಂದೆ. ವಿಷ್ಣುಪಂತ ಛತ್ರೆ 1880ರಲ್ಲಿಯೇ ಮುಂಬಯಿಯಲ್ಲಿ ಭಾರತೀಯರದೇ ಸರ್ಕಸ್ ಆರಂಭಿಸಿದ್ದರು. ಕೀಲೇರಿ ಕುಞಿಕಣ್ಣನ್ 1901ರಲ್ಲಿ ತಲಶ್ಶೇರಿಯ ಬಳಿ ಸರ್ಕಸ್ ಶಾಲೆ ತೆರೆದು ತಲೆಮಾರುಗಳನ್ನೇ ತಯಾರು ಮಾಡಿದರು. ಅವಳಿಗೆ ಹೇಳದೆ ಉಳಿಸಿಕೊಂಡ ಮಾತುಗಳೂ ಇವೆ. ಮುಂದಿನ ದಿನಗಳಲ್ಲಿ ಸರ್ಕಸ್ ಡೇರೆಗಳೊಳಗೆ ಮಕ್ಕಳ ಶೋಷಣೆ ಎಷ್ಟಾಯಿತೆಂದರೆ, 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯು ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಮಕ್ಕಳು ಷರತ್ತಿನ ಮೇಲೆ ಅಭಿನಯಿಸಬಹುದೆಂದು ಹೇಳಿ, ಸರ್ಕಸ್ಸನ್ನು ಮಾತ್ರ ಹೊರಗಿಟ್ಟಿತು. ಆ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಡೇರೆಯ ಮಗುವನ್ನು ಕಂಡ ನಮ್ಮ ಕಣ್ಣಿಗೆ ಬೀದಿಯ ಮಗು ಕಾಣಲಿಲ್ಲ. ಮುಂಬಯಿ ರಾಜ್ಯ 1959ರಲ್ಲಿ ಮಾಡಿದ, ಬಳಿಕ ದೆಹಲಿಗೂ ವಿಸ್ತರಣೆಯಾದ ಭಿಕ್ಷಾಟನೆ ತಡೆ ಕಾಯ್ದೆಯಂತೂ ಬೀದಿಯಲ್ಲಿ ಹಾಡಿ, ಕುಣಿದು, ಆಟವಾಡಿ ಕೈಯೊಡ್ಡುವುದನ್ನೂ ಭಿಕ್ಷೆಯೆಂದೇ ಎಣಿಸಿತು. ದೆಹಲಿ ಹೈಕೋರ್ಟ್ ಆ ಕಾಯ್ದೆಯ ಮುಖ್ಯ ಕಲಮುಗಳನ್ನು ತನ್ನ ವ್ಯಾಪ್ತಿಯಲ್ಲಿ ರದ್ದುಪಡಿಸಿದ್ದು 2018ರ ಆಗಸ್ಟ್‌ನಲ್ಲಿ, ನಾವು ಶಾಂಘೈಗೆ ಹೊರಡುವುದಕ್ಕೆ ಎರಡು ತಿಂಗಳು ಮೊದಲು.

ಬೆಂಗಳೂರಿಗೆ ಮರಳಿದ ವಾರದಲ್ಲಿಯೇ, ಸಿಗ್ನಲ್ಲೊಂದರಲ್ಲಿ ಕೆಂಪು ದೀಪ ಬಿದ್ದಾಗ, ಏಳೆಂಟು ವರ್ಷದ ಹುಡುಗಿ ಕಾರುಗಳ ನಡುವೆ ಎರಡು ಲಾಗ ಹಾಕಿ, ಸಣ್ಣದೊಂದು ಕಬ್ಬಿಣದ ಬಳೆಯೊಳಗೆ ಮೈಯನ್ನು ತೂರಿಸಿಕೊಂಡು ಹೊರಬಂದಳು. ಅವಳ ಕೆಳಗೆ ಸರಿಯುವ ಹೆಜ್ಜೆಗಳಿರಲಿಲ್ಲ, ಡಾಂಬರಷ್ಟೇ ಇತ್ತು. ಜೇಬಿನಿಂದ ಹತ್ತು ರೂಪಾಯಿ ತೆಗೆಯುವಷ್ಟರಲ್ಲಿ ಹಸಿರು ದೀಪ ಬಂತು. ಹಿಂದಿನವನು ಹಾರನ್ ಒತ್ತಿದ. ಕೊಟ್ಟೆನೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಕೊಡುವುದು ಸರಿಯೇ ಎಂಬ ಚರ್ಚೆಯೂ ಇದೆ. ನನ್ನನ್ನು ಕಾಡಿದ್ದು ಬೇರೆ. ಅಲ್ಲಿ ಒಂದು ಸಂಜೆಗಾಗಿ ಮೂರು ದಿನ ಲೆಕ್ಕ ಹಾಕಿದವನು ನಾನು. ಇಲ್ಲಿ ನನ್ನ ಬಳಿಯಿದ್ದದ್ದು ಸಿಗ್ನಲ್ಲಿನ ಉಳಿಕೆ ಸಮಯ. ದೊಂಬರಿಗೆ ನಾವು ಯಾವತ್ತೂ ಕೊಟ್ಟದ್ದು ಅಷ್ಟೇ: ಸುಗ್ಗಿಯ ಬಳಿಕದ ಬಿಡುವು, ಊಟದ ಬಳಿಕದ ಅನ್ನ, ಜೇಬಿನ ತಳದ ಚಿಲ್ಲರೆ. ಅವರಿಗಾಗಿ ಒಂದು ಸಂಜೆಯನ್ನು ಯಾರೂ ಮೀಸಲಿಡಲಿಲ್ಲ. ಸಂಜೆಯನ್ನು ಮೀಸಲಿಟ್ಟವನು ಮಾತ್ರ, ಆಡುವವರ ವಯಸ್ಸೆಷ್ಟು, ಕೆಳಗೆ ಬಲೆಯಿದೆಯೇ, ಬೆಳಿಗ್ಗೆ ಶಾಲೆಯಿದೆಯೇ, ಬೆನ್ನು ಸೋತ ಮೇಲೆ ಅವರ ಗತಿಯೇನು ಎಂದು ಕೇಳುವ ಹಕ್ಕನ್ನೂ ಹೊಣೆಯನ್ನೂ ಪಡೆಯುತ್ತಾನೆ. ಉಳಿಕೆ ಸಮಯ ಕೊಟ್ಟವನು ಏನನ್ನೂ ಕೇಳುವುದಿಲ್ಲ.

2019ರ ಜುಲೈನಲ್ಲಿ ಮೊಮ್ಮಗಳು ರಜೆಗೆಂದು ಬೆಂಗಳೂರಿಗೆ ಬಂದಿದ್ದಳು. ಶಾಸಕರ ರಾಜೀನಾಮೆ, ರೆಸಾರ್ಟ್ ವಾಸ್ತವ್ಯ, ವಿಶ್ವಾಸಮತದ ದಿನಗಳವು. ಟೀವಿಯಲ್ಲಿ ನಿರೂಪಕರೊಬ್ಬರು ‘ವಿಧಾನಸೌಧದಲ್ಲಿ ದೊಂಬರಾಟ’ ಎಂದು ಕೂಗಿದರು. ‘ಹಾಗೆಂದರೇನು ತಾತ?’ ಎಂದು ಕೇಳಿದಳು. ನಾವು ಶಾಂಘೈನಲ್ಲಿ ನೋಡಿದೆವಲ್ಲ, ಅಂಥ ಆಟ ಎಂದೆ. ಅವಳು ಪರದೆಯ ಹತ್ತಿರ ಹೋಗಿ, ಗದ್ದಲದಲ್ಲಿ ಮುಳುಗಿದ್ದ ಸದನವನ್ನು ಸ್ವಲ್ಪ ಹೊತ್ತು ಶ್ರದ್ಧೆಯಿಂದ ನೋಡಿದಳು. ಬಳಿಕ ತಿರುಗಿ ಹೇಳಿದಳು: ‘ಇಲ್ಲ ತಾತ. ಇವರು ಯಾರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಲೇ ಇಲ್ಲ.’

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ದೊಂಬರ ಹೆಸರಿದೆ. ಆ ಹೆಸರನ್ನು ಬೈಗುಳವಾಗಿ ಬಳಸುವುದನ್ನು ಅಂದಿನಿಂದ ನಾನು ಬಿಟ್ಟಿದ್ದೇನೆ. ಮೇಷ್ಟರ ಮಾತಿಗೆ ನಕ್ಕ ಹುಡುಗನೊಬ್ಬ ಇಷ್ಟು ತಡವಾಗಿ ಮಾಡಬಹುದಾದ ಚಿಕ್ಕ ಕೆಲಸ ಅದೊಂದೇ.